ಕೆಳಗಿನ ಸಾಲು

ಕುವೆಂಪುನಗರದ ಆ ಅಡ್ಡರಸ್ತೆಯಲ್ಲಿ ಮಂಗಳಮ್ಮನ ರಂಗೋಲಿಯನ್ನು ಮೆಚ್ಚದವರು ಇಬ್ಬರೇ. ಒಬ್ಬ ಹಾಲಿನವನು, ಅವನಿಗೆ ಸ್ಕೂಟರ್ ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಇನ್ನೊಬ್ಬಳು ಮಂಗಳಮ್ಮನ ಸೊಸೆ ಸಿಂಚನ.

ಜಗಳ ಶುರುವಾದದ್ದು ಪೇಂಟಿನಿಂದ. ಕಿರಿಮಗಳ ಬಾಣಂತನಕ್ಕೆಂದು ಹುಣಸೂರಿಗೆ ಹೋಗಿದ್ದ ಮಂಗಳಮ್ಮ ದಸರಾ ಮುಗಿದ ಮೇಲೆ ಮನೆಗೆ ಬಂದರು. ಅಷ್ಟರಲ್ಲಿ ಸಿಂಚನ ತಾನು ಆಫೀಸಿನಲ್ಲಿ ಕೆಲಸ ಮಾಡುವ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರನ್ನು ಕರೆಸಿ, ಬಾಗಿಲ ಮುಂದಿನ ನೆಲಕ್ಕೆ ಆಯಿಲ್ ಪೇಂಟಿನಲ್ಲಿ ರಂಗೋಲಿ ಬರೆಸಿಬಿಟ್ಟಿದ್ದಳು. ನಾಲ್ಕು ಮೂಲೆಗೆ ನಾಲ್ಕು ನವಿಲು. ಸುಳ್ಳು ಯಾಕೆ, ಚೆನ್ನಾಗಿಯೇ ಇತ್ತು. ಮಂಗಳಮ್ಮ ಬ್ಯಾಗನ್ನು ಗೇಟಿನ ಹತ್ತಿರವೇ ಇಟ್ಟು ಆ ನವಿಲುಗಳನ್ನು ನೋಡಿದರು.

"ಇದೇನವ್ವ ಇದು?"

"ರಂಗೋಲಿ ಅತ್ತೆ. ಪೇಂಟಿಂದು. ನೀರು ಹಾಕಿ ತೊಳೆದ್ರೂ ಹೋಗಲ್ಲ."

"ಓಗಾಕಿಲ್ಲ ಅನ್ನೋದೇ ನನ್ ತಕರಾರು. ನೆನ್ನೆ ರಂಗೋಲಿ ಇವತ್ತಿಗೆ ತಂಗ್ಳು. ಇದು ಇನ್ನೆಷ್ಟು ವರ್ಷ ತಂಗ್ಳು ಉಣ್ಸುತ್ತೆ ಬಾಗ್ಲಿಗೆ?"

"ಬೆಳಿಗ್ಗೆ ನಂಗೆ ಟೈಮ್ ಎಲ್ಲಿರುತ್ತೆ ಅತ್ತೆ?"

"ನಾಳೆ ನಾನು ಸತ್ರೆ ಬಾಗ್ಲು ಎಂಗೆ ಬರಿದು ಮಾಡ್ತೀರ? ಒಳಗೆ ಹೆಣ ಇರುತ್ತೆ, ಒರಗೆ ನವಿಲು ಕುಣೀತಿರ್ತವೆ."

ಸಾವಾದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಬೀದಿಗೆಲ್ಲ ಸುದ್ದಿ ತಿಳಿಯುವುದೇ ಹಾಗೆ. ಆದ್ದರಿಂದ ಬದುಕಿರುವ ಮನೆ ಎಂದು ದಿನಾ ಬೆಳಿಗ್ಗೆ ಹೊಸದಾಗಿ ಬರೆದು ತೋರಿಸಬೇಕು ಎನ್ನುವುದು ಮಂಗಳಮ್ಮನ ವಾದ. ಮಾರನೆಯ ದಿನವೇ ಹಾರ್ಡ್‌ವೇರ್ ಅಂಗಡಿಯಿಂದ ಥಿನ್ನರ್ ತರಿಸಿ, ಸಿಂಚನ ಸ್ಕೂಲಿಗೆ ಹೋದ ಹೊತ್ತು ನೋಡಿ, ನಾಲ್ಕು ನವಿಲನ್ನೂ ಉಜ್ಜಿ ತೆಗೆದರು. ಸಿಂಚನ ಸಂಜೆ ಬಂದು ನೋಡಿದಳು. ಅಂದಿನಿಂದ ಇಬ್ಬರಿಗೂ ಮಾತು ನಿಂತಿತು.

ಮಾತು ನಿಂತ ಮನೆಯಲ್ಲಿ ಅಡುಗೆ ಎರಡಾಗುತ್ತದೆ. ಒಲೆಯ ಒಂದು ಬರ್ನರ್‌ನಲ್ಲಿ ಅತ್ತೆ ರಾಗಿರೊಟ್ಟಿ ತಟ್ಟಿದರೆ ಇನ್ನೊಂದರಲ್ಲಿ ಸೊಸೆ ಚಿತ್ರಾನ್ನ ಕಲೆಸುತ್ತಿದ್ದಳು. ಮಗ ಪ್ರಸಾದ್ ನಂಜನಗೂಡಿನ ಫ್ಯಾಕ್ಟರಿಗೆ ಹೋಗುವವನು, ಕಂಪನಿ ಬಸ್ಸು ಬರುವಷ್ಟರಲ್ಲಿ ಕೈಗೆ ಸಿಕ್ಕಿದ್ದನ್ನು ತಿಂದು ಓಡುತ್ತಿದ್ದ. ಮಂಗಳಮ್ಮನ ಗಂಡ ಸಿದ್ದರಾಜು ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಅವರು ರೊಟ್ಟಿಯನ್ನೂ ತಿಂದರು, ಚಿತ್ರಾನ್ನವನ್ನೂ ತಿಂದರು, ಎರಡೂ ಕಡೆ ಚೆನ್ನಾಗಿದೆ ಎಂದರು. ಈ ಜಗಳದಲ್ಲಿ ಮೈ ಬಂದದ್ದು ಅವರಿಗೊಬ್ಬರಿಗೇ.

ಕಾರ್ತಿಕ ಕಳೆಯಿತು. ಮಂಗಳಮ್ಮನ ರಂಗೋಲಿ ಹಟಕ್ಕೆ ದೊಡ್ಡದಾಗುತ್ತ ಹೋಯಿತು. ಏಳು ಚುಕ್ಕಿಯದು ಹನ್ನೊಂದಾಯಿತು. ಆಮೇಲೆ ಹದಿನೈದು: ನಡುವಿನ ಸಾಲಿಗೆ ಹದಿನೈದು ಚುಕ್ಕಿ, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಮ್ಮಿ ಮಾಡಿ ಎಂಟಕ್ಕೆ ನಿಲ್ಲಿಸುವುದು. ಎದುರುಮನೆಯ ನಾಗಮಣಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಸಿಂಚನ ಮಾತ್ರ ಗೇಟಿನಿಂದ ಸ್ಕೂಟರ್ ಹೊರಗೆ ತೆಗೆಯುವಾಗ ಅದರ ಸುತ್ತ ಬಳಸಿಕೊಂಡು ಹೋಗುತ್ತ, ದಿನಾ ಒಂದು ಸಲ ಅದನ್ನು ದುರುಗುಟ್ಟಿ ನೋಡುತ್ತಿದ್ದಳು. ಎಲ್ಲಾದರೂ ಒಂದು ಗೆರೆ ಸೊಟ್ಟಗಾಗಿದೆಯೇ ಎಂದು ಹುಡುಕುವುದು ಅವಳಿಗೆ ಅಭ್ಯಾಸವಾಗಿತ್ತು. ಒಂದು ದಿನವೂ ಸಿಕ್ಕಿರಲಿಲ್ಲ.

ಆ ಬುಧವಾರ ಸಿಕ್ಕಿತು. ಹೂವಿನ ದಳಗಳೆಲ್ಲ ಕೆಳಗಡೆ ಮುಚ್ಚಿಕೊಳ್ಳದೆ ಬಾಯಿ ತೆರೆದುಕೊಂಡು ನಿಂತಿದ್ದವು. ಸಿಂಚನಳಿಗೆ ಮೊದಲು ಖುಷಿಯೇ ಆಯಿತು. ಇಷ್ಟು ವಾರಗಳ ಮೌನವನ್ನು ಮುರಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಬರಲಾರದು ಅನ್ನಿಸಿತು.

"ಅತ್ತೆ, ಕೆಳಗಿನ ಸಾಲು ಬಿಟ್ಟೋಗಿದೆ."

ರಂಗೋಲಿ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದ ಮಂಗಳಮ್ಮ ತಿರುಗಿದರು. "ಯಾವ ಸಾಲು?"

"ನಿಮ್ಮ ಕಾಲ ಹತ್ರದ್ದು. ಎಂಟು ಚುಕ್ಕಿದು."

"ಎಲ್ಲಾ ಆಕಿದೀನಿ. ನಿಂಗೆ ಎಣ್ಸಾಕೆ ಬರಾಕಿಲ್ಲ."

"ಮೇಲ್ಗಡೆ ಇದೆ. ಕೆಳಗಡೆ ಇಲ್ಲ. ನೀವೇ ನೋಡಿ."

ಮಂಗಳಮ್ಮ ನೋಡಿದರು. ಕಾಣಲಿಲ್ಲ. ತಲೆಯನ್ನು ಇನ್ನೂ ಬಗ್ಗಿಸಿದರು, ಗಲ್ಲ ಎದೆಗೆ ಮುಟ್ಟುವಷ್ಟು. ಆಗ ಬರೀ ನೆಲ ಕಂಡಿತು. ಅತ್ತೆ ಹಾಗೆ ಬಗ್ಗಿದ್ದನ್ನು ನೋಡಿಯೇ ಸಿಂಚನಳ ಖುಷಿ ಇಳಿದುಹೋಯಿತು. ಅವಳು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಬಂದು ಅತ್ತೆಯ ಎದುರಿಗೆ ನಿಂತಳು.

"ನನ್ನ ಮುಖ ನೋಡಿ. ಕಾಣುತ್ತಾ?"

"ಕಾಣ್ತದೆ."

"ನನ್ನ ಕೈ?"

"ಕೈ ಎಲ್ಲಿಟ್ಟಿದೀಯ?"

ಕೈ ಇಬ್ಬರ ನಡುವೆಯೇ ಇತ್ತು, ಸೊಂಟದ ಮಟ್ಟಕ್ಕೆ.

"ಯಾವಾಗಿಂದ ಹೀಗೆ?"

"ನಾಕೈದು ದಿವ್ಸದಿಂದ ಮಿಂಚು ಒಡೆದಂಗೆ ಆಗ್ತಿತ್ತು. ನೀನು ಹೊಸ ಲೈಟ್ ಆಕ್ಸಿದ್ಯಲ್ಲ, ಅದರದ್ದೇ ಅನ್ಕಂಡೆ. ನೆನ್ನೆಯಿಂದ ಕೆಳಗಡೆ ಕಪ್ಪುಗೆ, ಸೆರಗು ಅಡ್ಡ ಬಂದಂಗೆ."

"ಹೇಳ್ಬಾರದಾ ಅತ್ತೆ?"

"ಯಾರ ಕುಟೆ? ನೀನು ಮಾತಾಡ್ತಿದ್ಯಾ?"

ಸಿಂಚನ ಸ್ಕೂಲಿಗೆ ರಜೆ ಹೇಳಿ ಆಟೋ ಕರೆದಳು. ಮಂಗಳಮ್ಮನ ಎಡಗಣ್ಣು ಮೊದಲೇ ಮಂಜು. ಚಿಕ್ಕಂದಿನಲ್ಲಿ ಗದ್ದೆಯಲ್ಲಿ ಕಬ್ಬಿನ ಗರಿ ಚುಚ್ಚಿದ್ದು. ಬದುಕೆಲ್ಲ ನಡೆದದ್ದು ಬಲಗಣ್ಣಿನಲ್ಲಿ. ಈಗ ಹೋಗುತ್ತಿದ್ದದ್ದು ಅದು.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು, ತುಂಬ ಹೊತ್ತು ನೋಡಿದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ನಿಧಾನ. "ಕಣ್ಣಿನ ಹಿಂದೆ ಇರೋ ಪರದೆ ಮೇಲ್ಗಡೆಯಿಂದ ಬಿಚ್ಚಿಕೊಳ್ತಾ ಇದೆ. ಅದಕ್ಕೇ ನಿಮಗೆ ಕೆಳಗಡೆ ಕಪ್ಪು. ನಡುಭಾಗ ಇನ್ನೂ ಅಂಟಿಕೊಂಡಿದೆ, ಅದು ಪುಣ್ಯ. ಅದು ಬಿಚ್ಚಿಕೊಂಡ್ರೆ ಆಮೇಲೆ ನಾವು ಎಷ್ಟು ಚೆನ್ನಾಗಿ ಅಂಟಿಸಿದ್ರೂ ದೃಷ್ಟಿ ಮೊದಲಿನ ಹಾಗೆ ಬರಲ್ಲ. ನಾಳೆ ಬೆಳಿಗ್ಗೆ ಮೊದಲನೇ ಆಪರೇಷನ್ ನಿಮ್ಮದೇ."

"ಇವತ್ತೇ ಮಾಡೋಕಾಗಲ್ವಾ ಡಾಕ್ಟ್ರೇ?" ಸಿಂಚನ ಕೇಳಿದಳು.

"ಥಿಯೇಟರ್, ಟೀಮ್ ಎಲ್ಲ ಸರಿಯಾಗಿ ಇರೋ ಹೊತ್ತಲ್ಲಿ ಮಾಡೋದು ಒಳ್ಳೇದು. ಮನೆ ಹತ್ರವೇ ಇದೆಯಲ್ಲ. ಮನೇಲಿ ದಿಂಬಿಲ್ಲದೆ ಅಂಗಾತ ಮಲಗಿಸಿ. ಊಟಕ್ಕೆ, ಬಾತ್‌ರೂಮಿಗೆ ಬಿಟ್ರೆ ಏಳಬಾರದು. ಬಗ್ಗಬಾರದು, ಏನೂ ಎತ್ತಬಾರದು. ನಾಳೆ ಬೆಳಿಗ್ಗೆ ಎದ್ದ ಮೇಲೆ ನೀರೂ ಬೇಡ. ಆ ಕಪ್ಪು ಮೇಲಕ್ಕೆ ಏರೋಕೆ ಶುರುವಾದ್ರೆ ಹೊತ್ತು ನೋಡಬೇಡಿ, ಫೋನ್ ಮಾಡಿ ಬಂದುಬಿಡಿ." ಡಾಕ್ಟರು ಮಂಗಳಮ್ಮನ ಕಡೆ ನೋಡಿ, ಮತ್ತೆ ಸಿಂಚನಳ ಕಡೆ ನೋಡಿದರು. "ಸುಮ್ಮನೆ ಮಲಗಿಸಿಟ್ಕೊಳ್ಳೋಕೆ ಆಗುತ್ತಲ್ವಾ? ಇಲ್ಲಾಂದ್ರೆ ಇಲ್ಲೇ ಬೆಡ್ ಕೊಡ್ತೀನಿ."

"ಮನೇಗೆ ಓಗಾನ," ಎಂದರು ಮಂಗಳಮ್ಮ.

"ಆಗುತ್ತೆ ಡಾಕ್ಟ್ರೇ, ನೋಡ್ಕೋತೀನಿ," ಎಂದಳು ಸಿಂಚನ. ಹೇಳುವಾಗ ಸುಲಭ ಅನ್ನಿಸಿತು.

ಮನೆಯಲ್ಲಿ ಮಂಗಳಮ್ಮನನ್ನು ಮಂಚದ ಮೇಲೆ ಅಂಗಾತ ಮಲಗಿಸಿದ್ದಾಯಿತು. ನೇರ ಮೇಲೆ ಸೀಲಿಂಗ್ ಫ್ಯಾನು. ಚಳಿಗಾಲವಾದ್ದರಿಂದ ನಿಂತಿತ್ತು. ಮೂರು ರೆಕ್ಕೆಯಲ್ಲಿ ಒಂದು ಅವರ ಕಾಲಿನ ಕಡೆಗಿತ್ತು.

"ಅತ್ತೆ, ಫ್ಯಾನಿನ ನಡುವೆ ನೋಡಿ. ಎಷ್ಟು ರೆಕ್ಕೆ ಕಾಣುತ್ತೆ?"

"ಮೂರೂ ಕಾಣ್ತವೆ. ಕಾಲ್ಕಡೆದು ತುದೀಲಿ ಮಸುಕು."

"ಅದಕ್ಕಿಂತ ಜಾಸ್ತಿ ಮಸುಕಾದ್ರೆ ಕೂಗಿ."

"ನಿಂಗೆ ಸ್ಕೂಲಿಲ್ವಾ?"

"ಇಲ್ಲ."

"ಇದೊಂದಕ್ಕೆ ಟೈಮ್ ಅದೆ," ಎಂದು ಫ್ಯಾನಿಗೆ ಹೇಳಿದರು ಮಂಗಳಮ್ಮ.

ಸಿಂಚನ ಸಾರಿಗೆ ಬೇಳೆ ಇಟ್ಟಳು. ಇತ್ತ ಜಗುಲಿಯಲ್ಲಿ ಕುಳಿತ ಸಿದ್ದರಾಜು ಫೋನ್ ಹಿಡಿದಿದ್ದರು. ಮೂವತ್ತು ವರ್ಷ ಬಸ್ ಓಡಿಸುವಾಗ ಮಾತಾಡಬಾರದು ಎಂದು ಬಾಯಿ ಕಟ್ಟಿದ್ದನ್ನು ಈಗ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದ ಮನುಷ್ಯ. "ಊಂ ಕಣಯ್ಯ, ಕಣ್ಣಿನ ಪರದೆನೇ ಬಿಚ್ಚೋಗದಂತೆ. ನಾಳೇನೇ ಆಪ್ರೇಷನ್. ಬಂದು ಒಂದಪ ಮಕ ನೋಡ್ಕಂಡು ಓಗಿ." ಯಾರನ್ನೂ ಬಿಡಲಿಲ್ಲ. ಕಾಯಿಲೆ ಬಿದ್ದವರನ್ನು ನೋಡಿಕೊಂಡು ಬರುವುದು ಮರ್ಯಾದೆ, ನೋಡಲು ಬನ್ನಿ ಎಂದು ತಿಳಿಸುವುದೂ ಮರ್ಯಾದೆ.

ಮೊದಲು ಬಂದವರು ಸಿದ್ದರಾಜು ಅವರ ತಂಗಿ, ಗೋಕುಲ ಬಡಾವಣೆಯ ಚಾಮುಂಡಮ್ಮ. ಯೋಗ ಕಲಿಯಲು ಬರುವ ಬಿಳಿಯರಿಗೆ ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ಅವರಿಗೆ ಎಲ್ಲ ಕಾಯಿಲೆಗೂ ಒಂದೊಂದು ಆಸನ ಗೊತ್ತು.

"ನಮ್ಮನೇಲಿರೋಳು ದಿನಾ ತಲೆ ಕೆಳಗ್ ಮಾಡಿ ನಿಂತ್ಕೋತಾಳೆ ಅತ್ತಿಗೆ. ವಯಸ್ಸು ಐವತ್ತು, ಕನ್ನಡಕ ಇಲ್ಲ."

"ಅತ್ತೆ ತಲೆನೇ ಎತ್ತಬಾರದಂತೆ," ಎಂದು ಸಿಂಚನ ಒಳಗಿನಿಂದ ಹೇಳಿದಳು.

"ನಾನೇನು ಈಗ್ಲೇ ನಿಂತ್ಕೊ ಅಂದ್ನಾ? ಬೆಟ್ಟದ ತಾಯಿಗೆ ಹರಕೆ ಕಟ್ಕೊಂಡಿದೀನಿ. ವಾಸಿಯಾದ್ರೆ ಮೆಟ್ಟಿಲು ಹತ್ಕೊಂಡೇ ಬರ್ತಾಳೆ ಅಂತ."

"ಯಾರು?" ಎಂದರು ಮಂಗಳಮ್ಮ ಮಲಗಿದಲ್ಲಿಂದಲೇ.

"ನೀನೇ."

ಚಾಮುಂಡಮ್ಮ ಕಾಫಿ ಕುಡಿದು ಹೊರಟರು. ಸಿಂಚನ ಒಗ್ಗರಣೆ ಹಾಕುತ್ತಿದ್ದಳು. ದೇವರ ಗೂಡಿನ ಕಡೆಯಿಂದ ತಟ್ಟೆಯ ಸದ್ದು ಕೇಳಿ ಓಡಿಬಂದರೆ, ಮಂಗಳಮ್ಮ ನಡು ಬಗ್ಗಿಸಿ ಕೆಳಗಿನ ಹಲಗೆಯಿಂದ ಕುಂಕುಮದ ಭರಣಿ ತೆಗೆಯುತ್ತಿದ್ದರು. ಬಾಗಿಲಲ್ಲಿ ಚಾಮುಂಡಮ್ಮ ಹಣೆಯೊಡ್ಡಿ ನಿಂತಿದ್ದರು.

"ಅತ್ತೆ."

"ಮುತ್ತೈದೇನ ಬರಿ ಅಣೇಲಿ ಕಳಿಸಾಕಾಯ್ತದಾ?"

"ನಾನು ಕೊಡ್ತಿರ್ಲಿಲ್ವಾ?"

"ನೀನು ಕೊಡ್ತೀಯ ಅಂತ ನಂಗೇನು ಗೊತ್ತು?"

ಮತ್ತೆ ಮಲಗಿಸಿದಳು. "ರೆಕ್ಕೆ ನೋಡಿ." ಮಂಗಳಮ್ಮ ನೋಡಿದರು.

"ಎರಡೂವರೆ ಅದೆ," ಎಂದರು. ದನಿ ಸಣ್ಣಗಾಗಿತ್ತು. "ಕಾಲ್ಕಡೆದು ಅರ್ಧ ಓಯ್ತು."

ಸಿಂಚನಳಿಗೆ ಭಯವಾಯಿತು. ಆಸ್ಪತ್ರೆಗೆ ಫೋನ್ ಮಾಡಿದಳು. ನಡುವೆ ಇರುವುದು ಸ್ಪಷ್ಟವಾಗಿ ಕಾಣುತ್ತಿದೆಯೇ, ಎದುರಿಗಿರುವವರ ಮುಖ ಪೂರ್ತಿ ಕಾಣುತ್ತಿದೆಯೇ ಎಂದು ಡ್ಯೂಟಿ ಡಾಕ್ಟರು ಕೇಳಿದರು. ಕಾಣುತ್ತಿತ್ತು. "ಹಾಗಾದ್ರೆ ಅಲ್ಲಾಡಿಸದೆ ಮಲಗಿಸಿ. ನಡುವಿಗೆ ಬಂದ್ರೆ ತಕ್ಷಣ ಹೊರಡಿ. ಇನ್ನೊಂದು ಸಲ ಬಗ್ಗಿದ್ರೆ ನಾನು ಏನೂ ಹೇಳೋಕಾಗಲ್ಲ."

ಅವಳು ಫೋನಿಟ್ಟು ಹೊರಗೆ ಹೋಗಿ ಗೇಟಿಗೆ ಬೀಗ ಹಾಕಿದಳು. ಹಾಗೇ ಜಗುಲಿಗೆ ಬಂದು ಕೈ ನೀಡಿದಳು.

"ಮಾವ, ಫೋನ್ ಕೊಡಿ."

"ಯಾಕವ್ವ?"

"ನಾಳೆ ಆಪರೇಷನ್ ಆದ್ಮೇಲೆ ಕೊಡ್ತೀನಿ."

ಸಿದ್ದರಾಜು ಕೊಟ್ಟುಬಿಟ್ಟರು. ಕೊಟ್ಟಮೇಲೆ ಅವರಿಗೇ ಆಶ್ಚರ್ಯವಾಯಿತು.

ಆಮೇಲೆ ಬಂದವರನ್ನೆಲ್ಲ ಸಿಂಚನ ಗೇಟಿನಾಚೆಯಿಂದಲೇ ಮಾತಾಡಿಸಿ ಕಳಿಸಿದಳು. ಹಣ್ಣು ಗೇಟಿನ ಸಂದಿಯಲ್ಲಿ ಒಳಗೆ ಬಂತು, ಮನುಷ್ಯರು ಬರಲಿಲ್ಲ. ಬಂದವರಲ್ಲಿ ಒಬ್ಬರು ಮಂಗಳಮ್ಮನ ಅಣ್ಣ ಸಣ್ಣಮಾದಯ್ಯ. ಊರಿನಿಂದ ಬಸ್ಸಿನಲ್ಲಿ ಎಳನೀರಿನ ಗೊನೆ ಹೊತ್ತು ತಂದಿದ್ದರು.

"ತಂಗಿ ಮಕ ನೋಡಾಕೆ ಬಂದ್ರೆ ಬೀಗ ತೋರಿಸ್ತೀಯಲ್ಲವ್ವ."

"ನಿಮ್ಮ ದನಿ ಕೇಳಿದ್ರೆ ಅತ್ತೆ ಎದ್ದು ಬರ್ತಾರೆ ಮಾವ. ದಮ್ಮಯ್ಯ, ಮೆತ್ತಗೆ ಮಾತಾಡಿ."

ಸಣ್ಣಮಾದಯ್ಯನಿಗೆ ಮೆತ್ತಗೆ ಮಾತಾಡಿ ಗೊತ್ತಿಲ್ಲ. "ನನ್ ಒಡಹುಟ್ಟಿದೋಳ ಮನೆ ಬಾಗ್ಲಲ್ಲಿ ನಂಗೆ ಮಾತು ಕಲಿಸ್ತೀಯಾ?" ಗೊನೆಯನ್ನು ಗೇಟಿನ ಮುಂದೆ ಇಳಿಸಿ ಹಿಂದಿರುಗಿ ನೋಡದೆ ಹೋದರು. ಮಂಗಳಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು.

"ನನ್ ಅಣ್ಣನ್ನ ಬೀದೀಲಿ ನಿಲ್ಸಿದೆ."

"ಹೂಂ."

"ತಾಯಿ ಸತ್ತ ಮೇಲೆ ನಂಗೆ ತವರು ಅಂತ ಇರೋದು ಅವನೊಬ್ನೇ."

"ನಾನೇ ಊರಿಗೆ ಹೋಗಿ ಕಾಲಿಗೆ ಬೀಳ್ತೀನಿ ಅತ್ತೆ. ಇವತ್ತು ನೀವು ಏಳಂಗಿಲ್ಲ. ಎಷ್ಟು ರೆಕ್ಕೆ?"

ಮಂಗಳಮ್ಮ ಅಳುತ್ತಿದ್ದರು. ಅಳುತ್ತಲೇ ಎಣಿಸಿದರು. "ಎರಡೂವರೆ."

ಸಂಜೆ ಪ್ರಸಾದ್ ಬಂದ. ಸೋದರಮಾವ ಸಣ್ಣಮಾದಯ್ಯನ ಫೋನು ಅವನು ಬಸ್ಸಿನಲ್ಲಿದ್ದಾಗಲೇ ಬಂದಿತ್ತು. "ಇನ್ನು ಆ ಮನೆ ಮೆಟ್ಟಿಲು ಹತ್ತಲ್ಲ ಅಂತಿದಾರೆ. ಸ್ವಲ್ಪ ನಾಜೂಕಾಗಿ ಹೇಳೋಕಾಗ್ತಿರ್ಲಿಲ್ವಾ?"

"ನಾಜೂಕಾಗಿ ಹೇಳಿದ್ದಕ್ಕೇ ಅರ್ಧ ರೆಕ್ಕೆ ಹೋಗಿದ್ದು," ಎಂದಳು ಸಿಂಚನ.

"ಯಾವ ರೆಕ್ಕೆ?"

"ನಿಮ್ಮಮ್ಮನ ಪಕ್ಕ ಕೂತ್ಕೊಂಡು ಕೇಳಿ."

ಊಟಕ್ಕೆ ಮಂಗಳಮ್ಮನನ್ನು ಬೆನ್ನಿಗೆ ಕೈಯೊಡ್ಡಿ ಮೆಲ್ಲಗೆ ಕೂರಿಸಿದರು. ತಟ್ಟೆ ಕೆಳಗಿದ್ದರೆ ಅವರಿಗೆ ಕಾಣುವುದಿಲ್ಲ, ತಲೆ ಬಗ್ಗಿಸುವ ಹಾಗಿಲ್ಲ. ಸಿಂಚನ ಅನ್ನ ಸಾರು ಕಲೆಸಿ ಬಾಯಿಯ ಹತ್ತಿರ ತಂದಳು. ಎಷ್ಟೋ ವಾರಗಳ ಮೇಲೆ ಮಂಗಳಮ್ಮ ಆ ಬರ್ನರಿನ ಅಡುಗೆ ಉಂಡರು.

"ಉಪ್ಪು ಕಮ್ಮಿ."

"ಹಾಕ್ಲಾ?"

"ಬುಡು. ಉಣ್ಣಬೋದು." ಇನ್ನೆರಡು ತುತ್ತು ಉಂಡ ಮೇಲೆ, "ನಾಳೆ ಬಾಗ್ಲಿಗೆ?" ಎಂದರು.

"ಏನು ಬಾಗ್ಲಿಗೆ?"

"ಬರಿ ಬಾಗ್ಲು ದಾಟಿ ನಾನು ಆಸ್ಪತ್ರೆಗೆ ಓಗಾಕಿಲ್ಲ. ಎದ್ದು ನಾನೇ ಆಕ್ತೀನಿ. ಒಂದ್ ಗಳಿಗೆ ಕೆಲ್ಸ."

"ಅಮ್ಮ, ಹುಚ್ಚು ಮಾತಾಡ್ಬೇಡ," ಎಂದ ಪ್ರಸಾದ್.

"ನಾನ್ ಹಾಕ್ತೀನಿ ಅತ್ತೆ," ಎಂದಳು ಸಿಂಚನ.

"ನೀನು?"

"ನಾನೇ. ಹದಿನೈದು ಚುಕ್ಕಿದು. ನೀವು ಮಲ್ಕೊಳಿ."

ಮಂಗಳಮ್ಮ ಅವಳ ಮುಖವನ್ನೇ ನೋಡಿದರು. ಮುಖ ಪೂರ್ತಿ ಕಾಣುತ್ತಿತ್ತು. "ಆಕ್ತೀಯ ಅಂದ್ರೆ ಮಲಗ್ತೀನಿ," ಎಂದು ಮಲಗಿದರು. ಆಮೇಲೆ ಏಳುವ ಮಾತೆತ್ತಲಿಲ್ಲ.

ಇನ್ನೂ ಬೆಳಕು ಹರಿಯುವ ಮುನ್ನ ಸಿಂಚನ ಎದ್ದು ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ ತೊಳೆದಳು. ರಂಗೋಲಿ ಡಬ್ಬಿ ತಂದು ಚುಕ್ಕಿ ಇಟ್ಟಳು. ಮೊದಲ ಸಾಲೇ ಹಾವಿನ ಹಾಗೆ ಹೋಯಿತು. ನೀರು ಸುರಿದು ಅಳಿಸಿದಳು. ಎರಡನೇ ಸಲ ಪುಡಿ ಬೆರಳಿನಿಂದ ಇಳಿಯದೆ ಮುದ್ದೆಯಾಗಿ ಬಿತ್ತು. ಮತ್ತೆ ನೀರು. ಆಟೋ ಬಂದು ಗೇಟಿನ ಮುಂದೆ ನಿಂತಾಗ ಅವಳು ಮೊಣಕಾಲಿನವರೆಗೆ ಒದ್ದೆಯಾಗಿ ಕೂತಿದ್ದಳು. ನೆಲ ಬರಿದಾಗಿತ್ತು.

ಪ್ರಸಾದ್ ಫೈಲು ಹಿಡಿದು ಬಂದ. "ಹಾಕ್ಲಿಲ್ವಾ?"

"ಬರಲ್ಲ ನಂಗೆ."

"ಏನ್ ಬರಲ್ಲ?"

"ರಂಗೋಲಿ. ನಾವು ಕ್ವಾರ್ಟರ್ಸಲ್ಲಿ ಮೂರನೇ ಮಹಡೀಲಿ ಬೆಳೆದೋರು. ಅಲ್ಲೆಲ್ಲಿ ಅಂಗಳ? ಅಮ್ಮ ಸ್ಟಿಕರ್ ಅಂಟಿಸ್ತಿದ್ರು."

"ಇಷ್ಟು ದಿನ ಟೈಮಿಲ್ಲ ಅಂತಿದ್ದೆ. ಬರಲ್ಲ ಅಂತ ಹೇಳೋಕೇನಾಗಿತ್ತು?"

ಸಿದ್ದರಾಜು ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು, ನೆಲವನ್ನೂ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಮಂಗಳಮ್ಮ ಗೋಡೆ ಹಿಡಿದುಕೊಂಡು, ಕತ್ತು ನೇರವಾಗಿಟ್ಟು ಬಂದರು. ಕೆಳಗಿನದೇನೂ ಅವರ ಬಲಗಣ್ಣಿಗೆ ಕಾಣುತ್ತಿರಲಿಲ್ಲ. ತಲೆ ಬಗ್ಗಿಸಿದರೆ ಕಾಣುತ್ತಿತ್ತು. ಬಗ್ಗಿಸುವ ಹಾಗಿರಲಿಲ್ಲ.

"ಆಕಿದ್ಯಾ?"

ಸಿಂಚನ ಅತ್ತೆಯ ಕೈ ಹಿಡಿದುಕೊಂಡಳು. "ಹಾಕಿದೀನಿ ಅತ್ತೆ."

"ಎಷ್ಟು?"

"ಹದಿನೈದು. ಎರಡೂ ಕಡೆ ಎಂಟಕ್ಕೆ ಇಳಿಸಿದೀನಿ."

ಮಂಗಳಮ್ಮ ಹೊಸ್ತಿಲಲ್ಲಿ ತಡೆದು ನಿಂತರು. ಆಗ ಸಿದ್ದರಾಜು ಮೊದಲು ಮೆಟ್ಟಿಲಿಳಿದು, ಆ ಬರಿ ನೆಲದ ಅಂಚಿನಲ್ಲಿ ಪಂಚೆ ಎತ್ತಿ ಹಿಡಿದು, ಗೋಡೆಯ ಪಕ್ಕಕ್ಕೆ ಒತ್ತಿಕೊಂಡು ನಡೆದರು.

"ಇತ್ಲಾಗ್ ಬಾ ಮಂಗ್ಳ. ಇತ್ಲಾಗೆ. ಅಂಚು ತುಳಿದುಬುಟ್ಟೀಯ, ಮಗು ಕಷ್ಟಪಟ್ಟು ಆಕದೆ."

ಮಂಗಳಮ್ಮ ಗೋಡೆಯ ಪಕ್ಕಕ್ಕೆ ಸರಿದರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇಲ್ಲದ ರಂಗೋಲಿಯ ಸುತ್ತ ಒಂದೊಂದೇ ಹೆಜ್ಜೆ ಅಳೆದು ಇಟ್ಟು ಗೇಟಿನವರೆಗೆ ಹೋದರು. ಸಿಂಚನ ಪಕ್ಕದಲ್ಲೇ ಬಳಸಿಕೊಂಡು ನಡೆದಳು. ಪ್ರಸಾದನಿಗೆ ಆಟೋದವನ ಮುಂದೆ ಸ್ವಲ್ಪ ನಾಚಿಕೆಯಾಯಿತು, ಆದರೂ ಅವನೂ ಬಳಸಿಕೊಂಡೇ ಹೋದ.

ಆಪರೇಷನ್ ನಡೆಯುತ್ತಿದ್ದಾಗ ನಾಗಮಣಿ ಎದುರುಮನೆಯಿಂದ ಫೋನ್ ಮಾಡಿದರು. "ಸಿಂಚನಾ, ಬಾಗ್ಲಿಗೆ ನೀರು ಹಾಕಿದೀರ, ರಂಗೋಲಿನೇ ಹಾಕಿಲ್ವಲ್ಲಮ್ಮ. ಗೇಟಿಗೆ ಬೀಗ ಬೇರೆ. ಏನೂ… ಏನೂ ಆಗಿಲ್ಲ ತಾನೇ?"

"ಏನೂ ಆಗಿಲ್ಲ ಆಂಟಿ. ಅತ್ತೆ ಥಿಯೇಟರ್ ಒಳಗಿದಾರೆ."

"ಸದ್ಯ. ಬೀದೀಲಿ ಇಬ್ಬರು ಕೇಳಿದ್ರು, ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. "ನಡುಭಾಗ ಬಿಚ್ಚಿಕೊಂಡಿರಲಿಲ್ಲ. ಅಂಚಿನವರೆಗೂ ಬಂದಿತ್ತು, ಒಳಗೆ ಬಂದಿರಲಿಲ್ಲ. ಚೆನ್ನಾಗಿ ನೋಡಿಕೊಂಡಿದೀರಿ." ಸಿಂಚನ ಕುರ್ಚಿಯ ಮೇಲೆ ಕೂತುಬಿಟ್ಟಳು. ಡಾಕ್ಟರು ಮುಂದುವರಿಸಿದರು. "ಕಣ್ಣೊಳಗೆ ಗಾಳಿ ಗುಳ್ಳೆ ಬಿಟ್ಟಿದೀವಿ. ಅದು ಪರದೆಯನ್ನ ಒತ್ತಿ ಹಿಡೀಬೇಕು. ಅದಕ್ಕೆ ಒಂದು ವಾರ ಮುಖ ಕೆಳಗೆ. ಮಲಗೋದು, ಕೂರೋದು, ನಡೆಯೋದು, ಎಲ್ಲ ನೆಲ ನೋಡ್ಕೊಂಡೇ. ಈ ಗುಳ್ಳೆ ಕರಗಿದ ಹಾಗೆ ದೃಷ್ಟಿ ಬರುತ್ತೆ. ಎಷ್ಟು ಬರುತ್ತೆ ಅನ್ನೋದು ಆಗಲೇ ಗೊತ್ತಾಗೋದು."

ನೆಲ ನೋಡಿಕೊಂಡೇ. ಸಿಂಚನ ಪ್ರಸಾದನ ಮುಖ ನೋಡಿದಳು.

ಮಾರನೆಯ ದಿನ ಅತ್ತೆಯನ್ನು ಮನೆಗೆ ಕಳಿಸುವ ಮುಂಚೆಯೇ ಅವಳು ಒಬ್ಬಳೇ ಬಂದು ಗೇಟು ತೆಗೆದಳು. ಹೂಕುಂಡಕ್ಕೆ ಮೊಬೈಲ್ ಒರಗಿಸಿ, ವಿಡಿಯೋ ಹಾಕಿಕೊಂಡು, ಐದು ಚುಕ್ಕಿಯ ಒಂದು ಸಣ್ಣ ರಂಗೋಲಿ ಬರೆದಳು. ನಕ್ಷತ್ರವೋ ಚಪಾತಿಯೋ ಹೇಳುವುದು ಕಷ್ಟವಿತ್ತು. ಮಂಗಳಮ್ಮ ಕಣ್ಣಿಗೆ ಪಟ್ಟಿ, ಮುಖ ನೆಲಕ್ಕೆ, ಗಂಡನ ತೋಳು ಹಿಡಿದು ಬಂದು ಅದರ ಮುಂದೆ ನಿಂತರು. ಎಡಗಣ್ಣಿಗೆ ಬಿಳಿ ಬೇರೆ, ನೆಲ ಬೇರೆ ಎನ್ನುವಷ್ಟು ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು.

"ನಿಂಗೆ ಬರ್ತಿರ್ಲಿಲ್ವಾ?"

"ಇಲ್ಲ ಅತ್ತೆ."

"ಬರಾಕಿಲ್ಲ ಅಂದಿದ್ರೆ ಕಲಿಸ್ತಿರ್ಲಿಲ್ವಾ?"

"ಬೈಕೊಂಡು ಕಲಿಸ್ತಿದ್ರಿ."

"ಬೈದೇ ಕಲಿಸಾಕೆ ನಂಗೂ ಬರಾಕಿಲ್ಲ," ಎಂದು ಮಂಗಳಮ್ಮ ಒಳಗೆ ಹೋದರು.

ಹಾಗೇ ಕಲಿಸಿದರು. ವಾರವಿಡೀ ಸುತ್ತಿದ ಟವೆಲಿನ ಮೇಲೆ ಹಣೆಯಿಟ್ಟು, ನೆಲಕ್ಕೆ ಮುಖ ಹಾಕಿ ಮಲಗಿದಲ್ಲಿಂದಲೇ ಬೈಗುಳ. "ಎಬ್ಬೆಟ್ಟು ಮುಂದಕ್ಕೆ ತಳ್ಳು. ಹಿಂಡಬ್ಯಾಡ, ಜಾರ್‌ಬುಡು. ನೆಲ ಅರೆ ಒಣಗಿರಬೇಕು. ನಿಂಗೆ ಮೂರನೇ ಮಹಡೀಲಿ ಏನ್ ಕಲಿಸಿದ್ರು?" ಸಿಂಚನ ಅಲ್ಲೇ ಮೊಸಾಯಿಕ್ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. ಒಲೆಯ ಎರಡೂ ಬರ್ನರಿನಲ್ಲಿ ಈಗ ಒಂದೇ ಅಡುಗೆ. ಸಿದ್ದರಾಜು ಎರಡನೇ ತಿಂಡಿ ತಪ್ಪಿದ್ದಕ್ಕೆ ಪೇಚಾಡಿಕೊಂಡರು. ಒಂದು ಭಾನುವಾರ ಸಿಂಚನ, ಪ್ರಸಾದ್ ಇಬ್ಬರೂ ಊರಿಗೆ ಹೋಗಿ ಸಣ್ಣಮಾದಯ್ಯನ ಕಾಲಿಗೆ ಬಿದ್ದು ಕರೆದುಕೊಂಡು ಬಂದರು. ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದವರು ಹತ್ತಿ, ಮುದ್ದೆ ಉಂಡು, ಬೀಗ ಗಟ್ಟಿಯಾಗಿದೆ ಎಂದು ಸೊಸೆಯನ್ನು ಛೇಡಿಸಿ ಹೋದರು.

ದೃಷ್ಟಿಯ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಮುಖ ಎತ್ತಬಹುದು ಎಂದ ಮೇಲೂ ಬಲಗಣ್ಣಿಗೆ ನೀರಿನೊಳಗಿಂದ ನೋಡಿದ ಹಾಗೆ ಇತ್ತು. ಗುಳ್ಳೆ ದಿನದಿನಕ್ಕೆ ಇಳಿಯಿತು. ಧನುರ್ಮಾಸ ಬಂತು. ಮಂಗಳಮ್ಮ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ಕೇಳಲು ಸಿಂಚನಳಿಗೆ ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ಅವಳು ಮೊದಲ ಸಲ ಹದಿನೈದು ಚುಕ್ಕಿಯದಕ್ಕೆ ಕೈ ಹಾಕಿದಳು. ಮುಗಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಹಿಂದೆ ಹೊಸ್ತಿಲಲ್ಲಿ ಮಂಗಳಮ್ಮ ನಿಂತಿದ್ದರು. ಗೋಡೆ ಹಿಡಿದಿರಲಿಲ್ಲ.

"ಕೆಳಗಿನ ಸಾಲು ಬಿಟ್ಟೋಗದೆ."

ಸಿಂಚನ ರಂಗೋಲಿಯ ಕಡೆ ತಿರುಗಲೇ ಇಲ್ಲ. ಅತ್ತೆಯ ಮುಖವನ್ನೇ ನೋಡಿದಳು. "ಎಡಗಣ್ಣು ಮುಚ್ಕೊಳಿ ಅತ್ತೆ."

ಮಂಗಳಮ್ಮ ಅಂಗೈಯಲ್ಲಿ ಎಡಗಣ್ಣು ಮುಚ್ಚಿಕೊಂಡರು.

"ನನ್ನ ಕೈ ಎಲ್ಲಿದೆ?"

"ಸೊಂಟದ ಮ್ಯಾಲೆ. ಚೂಡಿದಾರಕ್ಕೆಲ್ಲ ಪುಡಿ ಮೆತ್ಕಂಡಿದೀಯ. ಮೊದ್ಲು ಆ ಎಂಟು ಚುಕ್ಕಿ ಇಡು, ಬಾಯ್ ತಕ್ಕೊಂಡು ನಿಂತವೆ ದಳ."

ಸಿಂಚನಳಿಗೆ ಅಳು ಬಂತು. ತಡೆಯಲಿಲ್ಲ. ಜಗುಲಿಯಲ್ಲಿದ್ದ ಸಿದ್ದರಾಜು ಪೇಪರು ಕೆಳಗಿಟ್ಟು ಇಬ್ಬರನ್ನೂ ನೋಡಿದರು. ಮಂಗಳಮ್ಮ ಮೆಟ್ಟಿಲಿಳಿದು, ಆ ರಂಗೋಲಿಯನ್ನು ಅಂಚು ತುಳಿಯದೆ ಒಂದು ಸುತ್ತು ಹಾಕಿ, ಗೆರೆ ಗೆರೆಯನ್ನೂ ಪರೀಕ್ಷಿಸಿದರು.

"ಇದಕ್ಕಿಂತ ಆಪ್ರೇಷನ್ ದಿವ್ಸ ಆಕಿದ್ಯಲ್ಲ, ಅದೇ ಚೆನ್ನಾಗಿತ್ತು," ಎಂದರು. "ಒಂದ್ ಗೆರೆನೂ ತಪ್ಪಿರ್ಲಿಲ್ಲ."

ಆಮೇಲೆ ಕಾಫಿಗೆ ನೀರಿಡಲು ಒಳಗೆ ಹೋದರು. ಸಿಂಚನ ಸ್ವಲ್ಪ ಹೊತ್ತು ಡಬ್ಬಿ ಹಿಡಿದುಕೊಂಡು ಹಾಗೇ ನಿಂತಿದ್ದು, ಬಗ್ಗಿ ಎಂಟು ಚುಕ್ಕಿ ಇಟ್ಟಳು.